ಹದಿನೇಳು ಸಲ ಹೂಂ

ಜನವರಿ ೧೪

ಮೊಂಡಿಗೆ,

ನಿಮ್ಮಣ್ಣ ನಿನ್ನನ್ನು ಕರೆಯುತ್ತಿದ್ದ ಹೆಸರಿನಿಂದಲೇ ಶುರು ಮಾಡಿದ್ದೇನೆ. ಏಳು ವರ್ಷದಿಂದ ಮಾತು ಬಿಟ್ಟ ನಾದಿನಿಗೆ ‘ಪ್ರೀತಿಯ’ ಎಂದು ಬರೆಯಲು ನನ್ನ ಪೆನ್ನು ಏಳಲಿಲ್ಲ. ‘ಮಾನ್ಯರೇ’ ಎಂದು ಬರೆದರೆ ಬ್ಯಾಂಕಿನವರದು ಅಂದುಕೊಂಡು ಒಡೆಯದೆ ಇಟ್ಟುಬಿಡುತ್ತೀಯ. ಫೋನ್ ಮಾಡೋಣವೆಂದರೆ ನಿನ್ನ ನಂಬರು ಬದಲಾಗಿದೆ, ಹಳೆಯ ವಿಳಾಸವೊಂದೇ ನನ್ನ ಹತ್ತಿರ ಇದ್ದದ್ದು. ಈ ದೇಶದಲ್ಲಿರಲು ಕಾಗದ ಇಲ್ಲದವರಿಗೆ ಕಾಗದ ಬರೆಯುವುದೊಂದೇ ದಾರಿ ನೋಡು. ಇದನ್ನು ಕೇಳಿದ್ದರೆ ನಿಮ್ಮಣ್ಣ ನಗುತ್ತಿದ್ದರು. ನಾನು ಬರೆಯುತ್ತಿರುವುದು ಅವರಿಗೆ ಗೊತ್ತಿಲ್ಲ.

ವಿಷಯಕ್ಕೆ ಬರುತ್ತೇನೆ. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಬ್ಬ ಬಡಗಿ ಇದ್ದ. ಹೆಂಡತಿ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಹೋದ ತಿಂಗಳು ವಲಸೆ ಇಲಾಖೆಯವರು ಒಂದೇ ಬೆಳಿಗ್ಗೆ ಇಬ್ಬರನ್ನೂ ಅವರವರ ಕೆಲಸದ ಜಾಗದಿಂದ ಕರೆದುಕೊಂಡು ಹೋದರು. ಮಕ್ಕಳಿಬ್ಬರು ಶಾಲೆ ಬಿಟ್ಟು ಬಂದು, ಬೀಗ ನೋಡಿ, ಮೆಟ್ಟಿಲ ಮೇಲೆ ಕೂತವು. ಅಮ್ಮ ತಡವಾಗಿ ಬರುವುದು ಅವಕ್ಕೇನು ಹೊಸದಲ್ಲ, ಹಾಗಾಗಿ ಯಾರಿಗೂ ಹೇಳಲಿಲ್ಲ. ನಾನು ಲಾಂಡ್ರಿ ಕೆಲಸ ಮುಗಿಸಿ ಬರುವಾಗ ಸಂಜೆ ಆರೂವರೆ. ದೊಡ್ಡದು ಚಿಕ್ಕದಕ್ಕೆ ಮಗ್ಗಿ ಹೇಳಿಕೊಡುತ್ತಿತ್ತು. ಶಾಲೆಯವರ ಹತ್ತಿರ ಇದ್ದದ್ದು ಅಪ್ಪ ಅಮ್ಮನ ನಂಬರು ಎರಡೇ, ಆ ಎರಡು ಫೋನೂ ಇಲಾಖೆಯ ಚೀಲ ಸೇರಿದ್ದವು. ಮಾರನೆಯ ದಿನ ಒಂದು ಗಾಡಿ ಬಂದು ಮಕ್ಕಳನ್ನು ಅನಾಥಾಲಯಕ್ಕೆ ಕರೆದೊಯ್ಯಿತು. ಅಪ್ಪ ಅಮ್ಮ ಇಬ್ಬರೂ ಗಟ್ಟಿಮುಟ್ಟಾಗಿ ಬದುಕಿರುವ ಮಕ್ಕಳು.

ನಮ್ಮ ಚಿನಕುರಳಿಗೆ ಈಗ ಎಂಟು ವರ್ಷ. ಇಲ್ಲೇ ಹುಟ್ಟಿದವಳು, ಅವಳ ಕಾಗದಪತ್ರವೆಲ್ಲ ಸರಿ ಇದೆ. ಇಲ್ಲದಿರುವುದು ನಮಗೆ.

ಲೈಬ್ರರಿಯ ಮಹಡಿಯಲ್ಲಿ ಶನಿವಾರ ಶನಿವಾರ ಕಾನೂನಿನ ಸಲಹೆ ಉಚಿತವಾಗಿ ಕೊಡುತ್ತಾರೆಂದು ಲಾಂಡ್ರಿಯ ಗೋಡೆಗೆ ಹಾಳೆ ಅಂಟಿಸಿದ್ದರು. ನಿಮ್ಮಣ್ಣನನ್ನು ಎಳೆದುಕೊಂಡು ಹೋದೆ. ಅಲ್ಲಿ ಕೂರುವ ವಕೀಲಮ್ಮ ಗಿಡ್ಡಕ್ಕಿದ್ದಾರೆ, ಅವರಿಗೆ ಸದಾ ನೆಗಡಿ. ಈ ಊರಿನ ಭಾಷೆ ನನಗೆ ಲಾಂಡ್ರಿಯ ಮಟ್ಟಿಗೆ ಬರುತ್ತದೆ, ಅವರು ನಿಧಾನವಾಗಿ ಹೇಳಿದರು. ಹೆದರಿಕೆಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡರೆ ಪ್ರಯೋಜನವಿಲ್ಲ, ಒಂದು ಫೈಲಿನಲ್ಲಿ ಇಡಿ ಅಂದರು. ಮಗುವಿನ ಜನನಪತ್ರ, ಚುಚ್ಚುಮದ್ದಿನ ಪುಸ್ತಕ, ಯಾವ ಔಷಧಿಗೆ ಮೈಮೇಲೆ ಗಂದೆ ಏಳುತ್ತದೆ, ಶಾಲೆಯಿಂದ ಯಾರು ಕರೆದುಕೊಂಡು ಹೋಗಬಹುದು, ಎಲ್ಲವನ್ನೂ ಬರೆಸಿದರು. ಕೊನೆಯ ಫಾರಂ ಬಂದಾಗ ಪೆನ್ನು ನಿಂತಿತು. ನಮ್ಮಿಬ್ಬರನ್ನೂ ಕರೆದೊಯ್ದರೆ ಮಗುವನ್ನು ಯಾರಿಗೆ ಒಪ್ಪಿಸಬೇಕು? ಅವರ ಕಾಗದ ಸರಿ ಇರಬೇಕು, ರಕ್ತಸಂಬಂಧವಾದರೆ ಯಾರೂ ಅಡ್ಡ ಮಾತಾಡುವುದಿಲ್ಲ ಅಂದರು.

ನಿಮ್ಮಣ್ಣ ಹೇಳಿದರು, “ನಮಗೆ ಇಲ್ಲಿ ಯಾರೂ ಇಲ್ಲ.”

ನಾನು ಅವರ ಮುಖ ನೋಡಿದೆ, ಅವರು ಕಿಟಕಿ ನೋಡಿದರು. ವಕೀಲಮ್ಮ ಮೂಗು ಒರೆಸಿಕೊಂಡು, ಯೋಚನೆ ಮಾಡಿ ಬನ್ನಿ ಅಂದರು. ನಾನು ಯೋಚನೆ ಮಾಡಿದ್ದೇನೆ. ನೀನು ಇದ್ದೀಯ. ಎಂಟು ಗಂಟೆಯ ಬಸ್ಸಿನ ದಾರಿಯಲ್ಲಿ, ಕೈಯಲ್ಲಿ ಒಳ್ಳೆಯ ಕಾಗದ ಇಟ್ಟುಕೊಂಡು, ಕೂತಿದ್ದೀಯ. ಅವತ್ತು ನಿನ್ನ ಬಾಗಿಲಲ್ಲಿ ಏನಾಯಿತೋ ನನಗೆ ಪೂರ್ತಿ ಗೊತ್ತಿಲ್ಲ. ಮಗು ಎತ್ತಿಕೊಂಡು ನಿನ್ನ ಮನೆಗೆ ಹೋದ ನಿಮ್ಮಣ್ಣ ಮಗು ಎತ್ತಿಕೊಂಡೇ ವಾಪಸು ಬಂದರು, ಆಮೇಲೆ ನಿನ್ನ ಹೆಸರು ಎತ್ತಲಿಲ್ಲ. ನಾನೂ ಕೇಳಲಿಲ್ಲ. ಈಗ ಫಾರಂ ಇದರ ಜೊತೆ ಇಟ್ಟಿದ್ದೇನೆ. ಒಂದು ಸಹಿ ಬೇಕು. ಜಗಳ ಬೇಕಾದರೆ ಹಾಗೇ ಇರಲಿ.

ಒಪ್ಪಿಗೆಗೆ ಕಾಯುತ್ತಿರುವ,
ನಿನ್ನ ಅತ್ತಿಗೆ


ಫೆಬ್ರವರಿ ೯

ಅತ್ತಿಗೆಯವರಿಗೆ ನಮಸ್ಕಾರ.

ನಿಮ್ಮ ಕಾಗದ ತಲುಪಿತು. ಉತ್ತರ ತಡವಾಯಿತು, ಕ್ಷಮಿಸಿ. ನಾನು ಕೆಲಸ ಮಾಡುವ ವೃದ್ಧಾಶ್ರಮದಲ್ಲಿ ಇಬ್ಬರು ರಜೆಯಲ್ಲಿದ್ದಾರೆ, ಒಂದು ಮಹಡಿಯ ಅಷ್ಟೂ ಅಜ್ಜಂದಿರ ಸ್ನಾನ ನನ್ನ ತಲೆ ಮೇಲೆ ಬಿದ್ದಿದೆ.

ಫಾರಮ್ಮನ್ನು ವಾಪಸು ಕಳಿಸುತ್ತಿದ್ದೇನೆ. ಈಗಿನ ಪರಿಸ್ಥಿತಿಯಲ್ಲಿ ಸಹಿ ಮಾಡಲು ನನ್ನಿಂದ ಆಗುವುದಿಲ್ಲ. ಕಾರಣ ಕೇಳಬೇಡಿ. ಮಗುವಿನ ಮೇಲೆ ನನಗೆ ಏನೂ ಇಲ್ಲ, ಅಣ್ಣನ ಮೇಲೂ ಇಲ್ಲ. ಅಣ್ಣನ ಹೊಲಿಗೆ ಕಾರ್ಖಾನೆಯಲ್ಲೋ ಮಗುವಿನ ಶಾಲೆಯಲ್ಲೋ ಕಾಗದ ಸರಿ ಇರುವ ಸ್ನೇಹಿತರು ಯಾರಾದರೂ ಇರಬಹುದು, ಅವರನ್ನು ಕೇಳಿ ನೋಡಿ.

ಒಂದು ಮಾತು. ಬಾಗಿಲು ತಟ್ಟಿದರೆ ಕೂಡಲೇ ತೆಗೆಯಬೇಡಿ. ನ್ಯಾಯಾಧೀಶರು ಸಹಿ ಮಾಡಿದ ಆದೇಶ ಇದ್ದರೆ ಬಾಗಿಲ ಸಂದಿಯಿಂದ ಒಳಗೆ ತಳ್ಳಿ ಅನ್ನಿ. ಅವರು ಎಷ್ಟೇ ಮೆತ್ತಗೆ ಮಾತಾಡಿದರೂ ಯಾವುದಕ್ಕೂ ಸಹಿ ಹಾಕಬೇಡಿ. ಅಣ್ಣನಿಗೆ ಇದನ್ನು ಎರಡು ಸಲ ಹೇಳಿ, ಅವನು ಮೊದಲ ಸಲ ಕೇಳಿಸಿಕೊಳ್ಳುವುದಿಲ್ಲ.

ಅವಳ ಕಾಲಿನ ಅಳತೆ ಎಷ್ಟು? ಇಲ್ಲಿ ಒಳ್ಳೆಯ ಶೂ ಸಿಗುತ್ತವೆ.

ಇಂತು ನಮಸ್ಕಾರಗಳೊಂದಿಗೆ,
ನಿಮ್ಮ ನಾದಿನಿ


ಫೆಬ್ರವರಿ ೨೭

ಮೊಂಡಿ,

ಶೂ ಬೇಡ.

ನಿಮ್ಮಣ್ಣನನ್ನು ಕರೆದುಕೊಂಡು ಹೋಗಿದ್ದಾರೆ. ಇವತ್ತಿಗೆ ಎಂಟು ದಿನ. ಬೆಳಿಗ್ಗೆ ಹತ್ತಕ್ಕೆ ಹೊಲಿಗೆ ಕಾರ್ಖಾನೆಗೆ ಬಂದರಂತೆ. ನರ್ಸುಗಳ ಸಮವಸ್ತ್ರದ ಬಟ್ಟೆ ಇಪ್ಪತ್ತು ಪದರ ಹಾಸಿ, ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕತ್ತರಿ ಇಡುವ ಹೊತ್ತು. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು, ಅದರ ಸಮೇತ ಕರೆದೊಯ್ದರು. ಪಕ್ಕದ ಮಿಷನ್ನಿನ ಹೆಂಗಸು ಓಡಿ ಬಂದು ಲಾಂಡ್ರಿಯಲ್ಲಿ ನನಗೆ ಹೇಳಿದಳು. ನಾನು ಹಿಂಬಾಗಿಲಿಂದ ಹೊರಟು ನೇರ ಶಾಲೆಗೆ ಹೋಗಿ, ಕಾಂಪೌಂಡಿನ ಆಚೆ ನಿಂತು, ಚಿನಕುರಳಿ ಗೆಳತಿಯರ ಜೊತೆ ಓಡಾಡುವುದನ್ನು ನೋಡಿ ಬಂದೆ. ಒಳಗೆ ಹೋಗಲು ಧೈರ್ಯ ಸಾಲಲಿಲ್ಲ.

ಸಹಿ ಹಾಕಬೇಡಿ ಎಂದು ನೀನು ಬರೆದದ್ದನ್ನು ಎರಡಲ್ಲ, ಹತ್ತು ಸಲ ಹೇಳಿದ್ದೆ. ಅವರು ಸಹಿ ಹಾಕಲಿಲ್ಲ. ಅದಕ್ಕಿಂತ ಚೆನ್ನಾದ ಕೆಲಸ ಮಾಡಿ ಕೂತಿದ್ದಾರೆ.

ನಿಮ್ಮಣ್ಣನ ಹೂಂ ನಿನಗೆ ಗೊತ್ತಲ್ಲ. ಗಿರಾಕಿ ಕಾಲರ್ ಹೀಗಿರಲಿ ಅಂದರೆ ಹೂಂ, ಜೇಬು ಹಾಗಿರಲಿ ಅಂದರೆ ಹೂಂ, ಕೊನೆಗೆ ಹೊಲಿಯುವುದು ತಮಗೆ ಸರಿ ಕಂಡಂತೆ. ಬರುವಾಗ ಸೊಪ್ಪು ತನ್ನಿ ಅಂದರೆ ಹೂಂ ಅನ್ನುತ್ತಾರೆ, ಕೈ ಬೀಸಿಕೊಂಡು ಬರುತ್ತಾರೆ. ಅವರ ಹೂಂ ನಂಬಿ ನಾನು ಹತ್ತು ವರ್ಷದಿಂದ ಮೋಸ ಹೋಗುತ್ತಿದ್ದೇನೆ. ಈಗ ಆ ಇಲಾಖೆಯವರು ನಂಬಿದ್ದಾರೆ.

ಹಿಡಿದ ಮೇಲೆ ವಿಚಾರಿಸಿದ್ದು ಹೀಗಂತೆ: ಅಧಿಕಾರಿ ಪ್ರಶ್ನೆಗಳನ್ನು ಅವರ ಭಾಷೆಯಲ್ಲಿ ಓದುವುದು, ಫೋನಿನ ಆಚೆ ಕೂತ ದುಭಾಷಿ ಅದನ್ನು ನಮ್ಮ ಭಾಷೆಗೆ ತಿರುಗಿಸುವುದು. ದುಭಾಷಿಗೆ ನಮ್ಮ ಭಾಷೆ ಅರ್ಧಂಬರ್ಧ. ಎರಡು ಮಾತು ಹೇಳುವನು, ತಡವರಿಸಿ ನಿಲ್ಲುವನು. ನಿಂತಾಗಲೆಲ್ಲ ನಿಮ್ಮಣ್ಣ ಹೂಂ ಅಂದಿದ್ದಾರೆ. ಕೇಳ್ತಾ ಇದೀನಪ್ಪಾ, ಮುಂದೆ ಹೇಳು ಅಂತ. ಪೂರ್ತಿ ಕೇಳಿಸಿಕೊಂಡು ಕೊನೆಯಲ್ಲಿ ‘ನನಗೆ ವಕೀಲರು ಬೇಕು’ ಅನ್ನೋಣ ಅಂತಿದ್ದರಂತೆ. ಕೊನೆ ಬರುವಷ್ಟರಲ್ಲಿ ಅವರು ಫೈಲು ಮುಚ್ಚಿ ಎದ್ದಿದ್ದರು. ಹದಿನೇಳು ಹೂಂ, ಅವರ ಹಾಳೆಯಲ್ಲಿ ಹದಿನೇಳು ‘ಹೌದು’. ವಿಚಾರಣೆ ಬೇಡವೆಂದು ಒಪ್ಪಿದ್ದೀಯಾ, ಹೌದು. ಸ್ವಂತ ಇಚ್ಛೆಯಿಂದ ದೇಶ ಬಿಡುತ್ತೀಯಾ, ಹೌದು. ನಿನ್ನನ್ನು ನಂಬಿದವರು ಇಲ್ಲಿ ಯಾರೂ ಇಲ್ಲ ತಾನೇ, ಹೌದು.

ವಕೀಲಮ್ಮ ಆ ಹಾಳೆ ಓದುತ್ತ ಒಂದು ಕಡೆ ನಿಂತರು. ‘ನಿನ್ನ ಕೆಲಸವೇನು?’ ಅನ್ನುವ ಪ್ರಶ್ನೆಗೂ ಉತ್ತರ ‘ಹೌದು’ ಎಂದು ಬರೆದುಕೊಂಡಿದ್ದಾರೆ. ಅಳುತ್ತಿದ್ದವಳಿಗೆ ನಗು ಬಂತು, ಅವರಿಗೂ ಬಂತು. ಆ ಒಂದು ಉತ್ತರ ಹಿಡಿದು ಅವರು ಅರ್ಜಿ ಹಾಕಿದ್ದಾರೆ, ಮಾರ್ಚ್ ಹತ್ತೊಂಬತ್ತಕ್ಕೆ ನ್ಯಾಯಾಧೀಶರು ಕೇಳುತ್ತಾರೆ. ಅಲ್ಲಿ ಸೋತರೆ ಆ ವಾರವೇ ವಿಮಾನ ಹತ್ತಿಸುತ್ತಾರೆ.

ಬರೀ ಅರ್ಜಿ ಸಾಲದಂತೆ. ಈ ಮನುಷ್ಯ ಚಿಕ್ಕಂದಿನಿಂದ ಹೀಗೇ, ಇವನ ಹೂಂ ಅಂದರೆ ಒಪ್ಪಿಗೆಯಲ್ಲ ಎಂದು ಪ್ರಮಾಣ ಮಾಡಿ ಹೇಳುವವರು ಒಬ್ಬರು ಬೇಕು. ಹೊರಗೆ ಬಿಟ್ಟರೆ ತಪ್ಪಿಸಿಕೊಳ್ಳುವುದಿಲ್ಲ ಎಂದು ಅವರೇ ಹೊಣೆ ನಿಲ್ಲಬೇಕು. ನಾನು ಆ ಕಟ್ಟಡದ ಮೆಟ್ಟಿಲು ಹತ್ತಿದರೆ ನನ್ನನ್ನೂ ಅಲ್ಲೇ ಕೂರಿಸಿಕೊಳ್ಳುತ್ತಾರೆ, ಆಮೇಲೆ ಚಿನಕುರಳಿಯ ಗತಿ ಬಡಗಿಯ ಮಕ್ಕಳದೇ. ನಿನಗೆ ಆ ಭಯವಿಲ್ಲ.

ನೀನು ವಾಪಸು ಕಳಿಸಿದ ಫಾರಂ ನನ್ನ ಮುಂದಿದೆ. ನಾನು ದಿನಕ್ಕೆ ನಾನೂರು ದುಪ್ಪಟಿ ಮಡಚುವವಳು, ಮಡಿಕೆ ನನಗೆ ತಿಳಿಯುತ್ತದೆ. ಇದನ್ನು ನೀನು ಒಂದು ಸಲ ಮಡಚಿ ಕಳಿಸಿಲ್ಲ. ಮಡಚಿ, ಬಿಡಿಸಿ, ಮತ್ತೆ ಮಡಚಿದ್ದೀಯ. ಸಹಿಯ ಗೆರೆಯ ಮೇಲೆ ಒಂದು ಚುಕ್ಕೆಯಿದೆ, ಪೆನ್ನು ಇಟ್ಟು ಎತ್ತಿದ್ದೀಯ. ಯಾಕೆ ಎತ್ತಿದೆ? ಒಡಹುಟ್ಟಿದವನಿಗಿಂತ ದೊಡ್ಡದು ಏನಿದೆ ನಿನ್ನ ಹತ್ತಿರ? ನನಗೆ ನಿನ್ನ ಮೇಲೆ ತುಂಬಾ ಸಿಟ್ಟಿದೆ, ಅದನ್ನು ಮುಚ್ಚಿಟ್ಟು ಬೇಡಿಕೊಳ್ಳಲು ನನಗೆ ಬರುವುದಿಲ್ಲ. ಸಿಟ್ಟಿಟ್ಟುಕೊಂಡೇ ಬೇಡುತ್ತಿದ್ದೇನೆ, ಬಾ.

ಕಾದು ಸಾಕಾದ,
ಅತ್ತಿಗೆ


ಮಾರ್ಚ್ ೫

ಮೊಂಡಿ,

ಇಲ್ಲಿ ಬಂಧನದಲ್ಲಿ ಇರುವವರಿಗೆ ಪೆನ್ನು ಕೊಡುವುದಿಲ್ಲ, ಬೆರಳುದ್ದದ ಪೆನ್ಸಿಲ್ ಕೊಡುತ್ತಾರೆ. ಅಕ್ಷರ ಮಸುಕಾದರೆ ಕಣ್ಣು ಕಿರಿದು ಮಾಡಿ ಓದು. ಒಂದೇ ದೊಡ್ಡ ಕೋಣೆಯಲ್ಲಿ ನಲವತ್ತು ಜನ ಇದ್ದೇವೆ. ತೊಂದರೆ ಏನಿಲ್ಲ. ಕೊಟ್ಟಿರುವ ಅಂಗಿಯ ಒಂದು ತೋಳು ಉದ್ದ, ಒಂದು ಗಿಡ್ಡ. ಕತ್ತರಿಸಿದವನು ಯಾರೆಂದು ಕೇಳಿದೆ, ಯಾರಿಗೂ ಗೊತ್ತಿಲ್ಲ. ದಿನವಿಡೀ ಅದೇ ಕಣ್ಣಿಗೆ ಚುಚ್ಚುತ್ತದೆ.

ನಿಮ್ಮ ಅತ್ತಿಗೆ ನಿನಗೆ ಬರೆದಳೆಂದು ವಕೀಲಮ್ಮ ಹೇಳಿದರು. ಬರಬೇಡ ಎಂದು ಹೇಳುವುದಕ್ಕೇ ಈ ಕಾಗದ.

ಅವತ್ತು ಮಗುವಿಗೆ ವರ್ಷ ತುಂಬಿತ್ತು, ತೋರಿಸೋಣ ಎಂದು ಹೇಳದೆ ಕೇಳದೆ ಬಂದೆ, ತಪ್ಪು ನನ್ನದೇ. ಬಾಗಿಲು ತಟ್ಟಿ ನಿಂತಾಗ ಎದುರು ಬೀದಿಯಲ್ಲಿ ಇಲಾಖೆಯ ಬಿಳಿ ಗಾಡಿ ಕಂಡಿತು. ಒಳಗೆ ಅವರು ನಿನ್ನ ಕಾಗದದ ಅರ್ಜಿಯ ತನಿಖೆಗೆ ಬಂದು ಕೂತಿದ್ದಾರೆಂದು ಗೊತ್ತಾಗಲು ಹೆಚ್ಚು ಬುದ್ಧಿ ಬೇಕಾಗಲಿಲ್ಲ. ‘ಯಾರೋ ಅಡ್ರೆಸ್ ತಪ್ಪಿ ಬಂದಿದಾರೆ’ ಎಂದು ನೀನು ಅವರಿಗೆ ಹೇಳಿದ್ದು ನನಗೆ ಕೇಳಿಸಿತು. ಅದಕ್ಕೇ ನಾನೂ ಜೋರಾಗಿ ‘ತಪ್ಪು ಮನೆ, ಸಾರಿ’ ಅಂದು ಹೊರಟೆ. ಅವರ ಭಾಷೆಯಲ್ಲೇ ಅಂದೆ, ಅವರಿಗೂ ಕೇಳಲಿ ಅಂತ.

ನಿಮ್ಮ ಅತ್ತಿಗೆಗೆ ಜಗಳ ಅಂತಲೇ ಇರಲಿ ಎಂದು ಬಿಟ್ಟೆ. ಜಗಳ ಆಗಿದೆ ಅಂದರೆ ಯಾರೂ ಹುಡುಕಿಕೊಂಡು ಹೋಗುವುದಿಲ್ಲ. ಗೊತ್ತಾಗಿದ್ದರೆ ಅವಳು ಗುಟ್ಟಾಗಿಯಾದರೂ ನಿನ್ನನ್ನು ನೋಡಲು ಬರುತ್ತಿದ್ದಳು, ಒಂದಲ್ಲ ಒಂದು ದಿನ ಯಾರ ಕಣ್ಣಿಗಾದರೂ ಬೀಳುತ್ತಿದ್ದಳು.

ಏಳು ವರ್ಷ ನಿಂತ ಗೋಡೆ ಅದು. ನನ್ನ ಒಂದು ಹೂಂಗಾಗಿ ಅದನ್ನು ಕೆಡವಬೇಡ. ನನ್ನನ್ನು ಕಳಿಸಿದರೆ ಅಲ್ಲೂ ಜನ ಬಟ್ಟೆ ಹಾಕಿಕೊಳ್ಳುತ್ತಾರೆ, ಅಲ್ಲೂ ಕತ್ತರಿ ಸಿಗುತ್ತದೆ. ಒಬ್ಬರಾದರೂ ಈ ನೆಲದಲ್ಲಿ ಕಾಲೂರಿ ನಿಲ್ಲಬೇಕು, ಅದು ನೀನು. ಚಿನಕುರಳಿಗೆ ಮುಂದೆ ಎಂದಾದರೂ ಬೇಕಾಗುತ್ತದೆ.

ಮಾತು ಕೇಳು.

ಅಣ್ಣ


ಮಾರ್ಚ್ ೧೨

ಅತ್ತಿಗೆ,

ಫಾರಂ ಕಳಿಸಿದ್ದೇನೆ. ನಿಮ್ಮ ಹಳೆಯದರಲ್ಲಿ ಚುಕ್ಕೆ ಬಿದ್ದಿತ್ತಲ್ಲ, ಅದಕ್ಕೆ ವಕೀಲಮ್ಮನಿಂದ ಹೊಸದು ತರಿಸಿಕೊಂಡೆ. ಸಹಿ ಮಾಡಿದ್ದೇನೆ. ಮಗುವಿಗೆ ಏನಾಗಬೇಕು ಎಂಬ ಜಾಗದಲ್ಲಿ ‘ಸೋದರತ್ತೆ’ ಎಂದು ಬರೆದು, ಕೆಳಗೆ ಅವರ ಭಾಷೆಯಲ್ಲೂ ಬರೆದಿದ್ದೇನೆ. ಹತ್ತೊಂಬತ್ತಕ್ಕೆ ಬರುತ್ತೇನೆ.

ಕಾರಣ ಕೇಳಬೇಡಿ ಅಂದಿದ್ದೆ. ನೀವು ಕೇಳಿದಿರಿ, ಒಳ್ಳೆಯದೇ ಆಯಿತು. ಕಾಗದಕ್ಕೆ ಅರ್ಜಿ ಹಾಕುವಾಗ, ‘ಈ ದೇಶದಲ್ಲಿ ನಿಮ್ಮ ಒಡಹುಟ್ಟಿದವರು ಯಾರಿದ್ದಾರೆ’ ಎಂಬ ಕಡೆ ನಾನು ‘ಯಾರೂ ಇಲ್ಲ’ ಎಂದು ಬರೆದೆ. ಅರ್ಜಿ ತುಂಬಿಕೊಡುತ್ತಿದ್ದವನು, ಅಣ್ಣನ ಹೆಸರು ಬರೆದರೆ ನಾಳೆಯೇ ಅವನ ಬಾಗಿಲಿಗೆ ಹೋಗುತ್ತಾರೆ ಅಂದ. ಅಣ್ಣನನ್ನು ಉಳಿಸಲು ಬರೆದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಅದು ಅರ್ಧ ನಿಜ. ಇನ್ನರ್ಧ, ಅವನ ಹೆಸರಿನಿಂದ ನನ್ನ ಕಾಗದ ಎಲ್ಲಿ ಕೈತಪ್ಪುತ್ತದೋ ಎಂಬ ಹೆದರಿಕೆ. ಈಗ ನಿಮ್ಮ ಫಾರಮ್ಮಿನಲ್ಲಿ ‘ಸೋದರತ್ತೆ’ ಎಂದು ಬರೆದರೆ ಆ ಸುಳ್ಳು ಹೊರಗೆ ಬೀಳುತ್ತದೆ. ಪೆನ್ನು ಎತ್ತಿದ್ದು ಅದಕ್ಕೇ.

ಅವತ್ತು ಒಳಗೆ ಇಬ್ಬರು ಅಧಿಕಾರಿಗಳು ಕೂತಿದ್ದರು. ನಾನು ಅವರಿಗೆ ಟೀ ಕೊಡುತ್ತಿದ್ದೆ. ಅಣ್ಣನ ತಟ್ಟುವಿಕೆ ನನಗೆ ಗೊತ್ತು, ಎರಡು ಸಲ ಬೇಗ ಬೇಗ, ಒಂದು ಸಲ ನಿಧಾನ. ಯಾರದು ಎಂದು ಕೇಳಿದರು, ‘ಯಾರೋ ಅಡ್ರೆಸ್ ತಪ್ಪಿ ಬಂದಿದಾರೆ’ ಅಂದೆ. ಹೊರಗಿನಿಂದ ಅವನು ‘ತಪ್ಪು ಮನೆ, ಸಾರಿ’ ಅಂದ. ಅದು ಚುಚ್ಚುಮಾತು ಅಂದುಕೊಂಡೆ ಅತ್ತಿಗೆ. ನೀನು ನನ್ನ ತಂಗಿಯಲ್ಲ, ಇದು ತಪ್ಪು ಮನೆ ಅಂದನಲ್ಲ ಅಂತ. ಏಳು ವರ್ಷ ಅದನ್ನೇ ಅಗಿದೆ, ಅವನ ಮೇಲೆ ನನಗೂ ಸಿಟ್ಟು ಬಂದುಬಿಟ್ಟಿತು. ನಂಬರು ಬದಲಾಯಿಸಿದ್ದು ಅದೇ ಸಿಟ್ಟಿಗೆ. ಅವನು ನನ್ನ ಸುಳ್ಳಿಗೆ ಹೆಗಲು ಕೊಟ್ಟಿದ್ದ ಎಂದು ಅವನ ಪೆನ್ಸಿಲ್ ಕಾಗದ ಬಂದ ಮೇಲೆ ತಿಳಿಯಿತು. ಸ್ನಾನದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅತ್ತೆ. ಹೊರಗೆ ಒಬ್ಬ ಅಜ್ಜ ಟವೆಲ್ ಸುತ್ತಿಕೊಂಡು, ನನ್ನ ಸರದಿ ಯಾವಾಗ ಎಂದು ಕೂಗುತ್ತಿದ್ದರು.

ನಿಮ್ಮ ವಕೀಲಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಅಣ್ಣನ ಪರ ನಿಂತವರಂತೆ, ನನ್ನ ಬಗ್ಗೆ ಸಲಹೆ ಕೊಡುವಂತಿಲ್ಲವಂತೆ. ಬೇರೆ ವಕೀಲರನ್ನು ನೋಡಿ ಎಂದು ಒಬ್ಬರ ಹೆಸರು ಕೊಟ್ಟರು. ನನ್ನ ವಕೀಲರು ವಯಸ್ಸಾದವರು, ಅರ್ಧ ಗಂಟೆ ಕೇಳಿಸಿಕೊಂಡರು. ಇಲಾಖೆಯವರು ಹಿಡಿಯುವ ಮೊದಲು ನೀವಾಗಿ ಹೇಳಿದರೆ ತಿದ್ದುಪಡಿ, ಹಿಡಿದ ಮೇಲೆ ಹೇಳಿದರೆ ಮೋಸ ಅಂದರು. ಹಾಗೆ ಹೇಳಿದರೆ ನನ್ನ ಕಾಗದ ಉಳಿಯುತ್ತದೆಯೇ ಎಂದು ಕೇಳಿದೆ. ಉಳಿಯಬಹುದು, ಹೋಗಲೂಬಹುದು, ನಾನು ಭರವಸೆ ಕೊಡುವುದಿಲ್ಲ ಅಂದರು. ತಿದ್ದುಪಡಿಯ ಅರ್ಜಿ ನಿನ್ನೆ ಹಾಕಿದ್ದೇವೆ.

ಅಣ್ಣನ ಮಾತು ಕೇಳುತ್ತಿಲ್ಲ. ಅವನೇ ಇಟ್ಟ ಹೆಸರು, ಅವನೇ ಅನುಭವಿಸಲಿ.

ಬರುತ್ತಿರುವ,
ಮೊಂಡಿ


ಮಾರ್ಚ್ ೨೧

ಅತ್ತಿಗೆ,

ಚಿನಕುರಳಿ ಅರ್ಧ ಹೇಳಿರುತ್ತಾಳೆ, ಉಳಿದ ಅರ್ಧ ನಾನು ಹೇಳುತ್ತೇನೆ. ಒಂದೇ ದಿನದ ರಜೆ ಸಿಕ್ಕಿದ್ದು, ಮನೆಗೆ ಬರಲಾಗಲಿಲ್ಲ. ಅವಳನ್ನು ವಕೀಲಮ್ಮನ ಜೊತೆ ಕಳಿಸಿ ಒಳ್ಳೆಯದು ಮಾಡಿದಿರಿ. ಕಾರಿಡಾರಿನಲ್ಲಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ನೀವು ಅಪ್ಪನ ತಂಗಿನಾ? ಮತ್ತೆ ಇಷ್ಟು ದಿನ ಎಲ್ಲಿದ್ರಿ?” ಎಂದು ಕೇಳಿದಳು. ಕೋರ್ಟಿನೊಳಗೆ ಯಾರೂ ಇಷ್ಟು ಕಷ್ಟದ ಪ್ರಶ್ನೆ ಕೇಳಲಿಲ್ಲ ಎಂದು ಹೇಳಬೇಕೆಂದಿದ್ದೆ, ಆದರೆ ಒಂದನ್ನು ಕೇಳಿದರು.

ಕೋಣೆ ಚಿಕ್ಕದು, ಶಾಲೆಯ ತರಗತಿಯಷ್ಟು. ಅಣ್ಣ ಅಲ್ಲಿ ಕೊಟ್ಟ ಅಂಗಿಯ ಗಿಡ್ಡ ತೋಳನ್ನು ಎಳೆದುಕೊಳ್ಳುತ್ತ ಕೂತಿದ್ದ, ತೆಳ್ಳಗಾಗಿದ್ದಾನೆ. ನನ್ನನ್ನು ನೋಡಿ ತಲೆ ತಗ್ಗಿಸಿದ. ಬರಬೇಡ ಅಂದಿದ್ದನಲ್ಲ, ಸಿಟ್ಟೋ ಏನೋ ಅಂದುಕೊಂಡೆ. ಆಮೇಲೆ ನೋಡಿದರೆ ಅಳುತ್ತಿದ್ದ.

ಪ್ರಮಾಣ ಮಾಡಿಸಿದರು. ವಕೀಲಮ್ಮ ಹೂಂ ಬಗ್ಗೆ ಕೇಳಿದರು, ನಾನು ಹೇಳಿದೆ. ನಮ್ಮ ಅಜ್ಜಿಗೆ ಕಣ್ಣು ಮಂದವಾಗಿತ್ತು. ಕತೆ ಹೇಳುವಾಗ ನಾವು ಎಚ್ಚರವಾಗಿದ್ದೇವೋ ಇಲ್ಲವೋ ಎಂದು ಅವಳಿಗೆ ಕಾಣುತ್ತಿರಲಿಲ್ಲ. ಹೂಂ ಅನ್ನಿ, ಇಲ್ಲದಿದ್ದರೆ ಕತೆ ನಿಲ್ಲಿಸುತ್ತೇನೆ ಅನ್ನುತ್ತಿದ್ದಳು. ನನಗೆ ರಾಜ ಕಾಡಿಗೆ ಹೋಗುವಷ್ಟರಲ್ಲಿ ನಿದ್ದೆ. ಅಜ್ಜಿಗೆ ಬೇಸರವಾಗದಿರಲಿ ಎಂದು ನನ್ನ ಪಾಲಿನ ಹೂಂ ಕೂಡ ಅಣ್ಣನೇ ಹೇಳುತ್ತಿದ್ದ, ದನಿ ಸಣ್ಣ ಮಾಡಿಕೊಂಡು. ರಾಕ್ಷಸ ರಾಜಕುಮಾರಿಯನ್ನು ಹೊತ್ತೊಯ್ದಾಗಲೂ ಹೂಂ ಅಂದಿದ್ದಾನೆ. ಅದಕ್ಕೆ ಇವನ ಒಪ್ಪಿಗೆ ಇತ್ತು ಅಂತಲ್ಲ ಸ್ವಾಮಿ ಎಂದೆ. ಈ ಸಲ ಬಂದಿದ್ದ ದುಭಾಷಿ ಚೆನ್ನಾಗಿ ಬಲ್ಲವರು. ತಿರುಗಿಸಿ ಹೇಳುವ ಮೊದಲು ಅವರೇ ನಕ್ಕುಬಿಟ್ಟರು.

ಆಮೇಲೆ ಇಲಾಖೆಯ ವಕೀಲ ಎದ್ದ. ನನ್ನ ಹಳೆಯ ಅರ್ಜಿ ಅವನ ಕೈಯಲ್ಲಿತ್ತು. ಅದನ್ನು ನ್ಯಾಯಾಧೀಶರಿಗೆ ಕೊಟ್ಟ. ಅವರು ಕನ್ನಡಕ ಸರಿ ಮಾಡಿಕೊಂಡು ನಿಧಾನವಾಗಿ ಓದಿದರು. ನಾನು ಕಟಕಟೆಯ ಕಟ್ಟಿಗೆ ಹಿಡಿದುಕೊಂಡೆ. ಈ ಅರ್ಜಿಯಲ್ಲಿ ನಿಮಗೆ ಅಣ್ಣ ಇಲ್ಲ, ಈಗ ಇದ್ದಾನೆ ಅನ್ನುತ್ತೀರಿ, ಎರಡು ಕಡೆಯೂ ಪ್ರಮಾಣ ಮಾಡಿದ್ದೀರಿ ಅಂದರು. ಸುಳ್ಳು ಹೇಳಿದ್ದು ಯಾವಾಗ, ಆಗಲೋ ಈಗಲೋ ಎಂದು ಕೇಳಿದರು.

ಅಣ್ಣ ಎದ್ದು ನಿಂತು ತಲೆ ಅಲ್ಲಾಡಿಸಿದ, ಹೇಳಬೇಡ ಅಂತ. ಕಾವಲಿನವನು ಅವನ ಹೆಗಲು ಒತ್ತಿ ಕೂರಿಸಿದ.

“ಆಗ,” ಅಂದೆ.

ಅವರು ಅದನ್ನು ಬರೆದುಕೊಂಡರು. ಒಂದು ಅಕ್ಷರವನ್ನೂ ಬಿಡದೆ ಬರೆದುಕೊಂಡರು ಅತ್ತಿಗೆ, ಪೆನ್ನಿನ ಸದ್ದು ಕೇಳುತ್ತಿತ್ತು. ಆಮೇಲೆ, ಹದಿನೇಳು ಹೂಂಗಳನ್ನು ಒಪ್ಪಿಗೆಯೆಂದು ತೆಗೆದುಕೊಳ್ಳಲಾಗದು, ವಿಚಾರಣೆ ಮೊದಲಿನಿಂದ ಆಗಬೇಕು, ಅಲ್ಲಿಯವರೆಗೆ ತಂಗಿಯ ಹೊಣೆಯ ಮೇಲೆ ಬಿಡಿ ಎಂದು ಆದೇಶ ಓದಿದರು. ಓದುತ್ತಿರುವಾಗಲೇ ನಮ್ಮಣ್ಣ ಪ್ರತಿ ಸಾಲಿಗೂ ಹೂಂ, ಹೂಂ ಅನ್ನುತ್ತಿದ್ದ. ವಕೀಲಮ್ಮ ಅವನ ಕಾಲು ತುಳಿದರು. ಈ ಕಾಗದ ನಿಮ್ಮ ಕೈ ಸೇರುವ ಹೊತ್ತಿಗೆ ಅವನು ಮನೆಯಲ್ಲಿರುತ್ತಾನೆ. ಗೆದ್ದೆವು ಅನ್ನಬೇಡಿ, ವಿಚಾರಣೆ ಇನ್ನೂ ಮುಂದಿದೆ.

ಹೊರಗೆ ಬರುವಾಗಲೇ ಇಲಾಖೆಯವನು ನನ್ನ ಕೈಗೆ ಒಂದು ನೋಟೀಸು ಕೊಟ್ಟ. ನನ್ನ ಕಾಗದ ಯಾಕೆ ರದ್ದು ಮಾಡಬಾರದೆಂದು ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ನನಗೆ ಭಯವಾಗಿದೆ. ಸುಳ್ಳು ಹೇಳುವುದಿಲ್ಲ ಎಂದು ಈಗಷ್ಟೇ ಶುರು ಮಾಡಿದ್ದೇನೆ, ಅದಕ್ಕೆ ಇದನ್ನೂ ಹೇಳುತ್ತಿದ್ದೇನೆ. ಲಿಫ್ಟಿನ ಸದ್ದಾದರೆ ಎದ್ದು ಹೋಗಿ ಚಿಲಕ ನೋಡುತ್ತೇನೆ.

ನನ್ನ ವಕೀಲರು ನನಗೂ ಒಂದು ಫೈಲು ಮಾಡಿಸಿದರು. ಅದರಲ್ಲಿ ಒಂದು ಫಾರಂ ಇದೆ, ಜೊತೆಗೆ ಇಟ್ಟಿದ್ದೇನೆ. ನನ್ನನ್ನು ಕರೆದೊಯ್ದರೆ ಯಾರಿಗೆ ತಿಳಿಸಬೇಕು, ನನ್ನ ಪರವಾಗಿ ಕೇಳುವ ಹಕ್ಕು ಯಾರಿಗೆ, ನನ್ನ ಕೋಣೆಯ ಬೀಗದಕೈ ಯಾರಿಗೆ. ಅಣ್ಣನ ಹೆಸರು ಹಾಕುವಂತಿಲ್ಲ, ಅವನದೇ ಕೇಸು ನಡೆಯುತ್ತಿದೆ. ನನಗೆ ನಿಮ್ಮನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಕಾಗದ ಇಲ್ಲದವರೂ ಸಹಿ ಮಾಡಬಹುದಂತೆ, ಕಾನೂನು ಒಪ್ಪುತ್ತದೆ. ಆದರೆ ಸಹಿ ಮಾಡಿದವರ ಹೆಸರು, ವಿಳಾಸ ಇಲಾಖೆಯ ಕಡತ ಸೇರುತ್ತದೆ. ಇಷ್ಟು ದಿನ ನೀವು ಅವರ ಯಾವ ಹಾಳೆಯಲ್ಲೂ ಇಲ್ಲ.

ಆಗುವುದಿಲ್ಲ ಅಂದರೆ ನನಗೆ ಬೇಸರವಿಲ್ಲ, ನಿಜವಾಗಿ. ನಾನು ಎಷ್ಟು ದಿನ ತೆಗೆದುಕೊಂಡೆ ಎಂದು ನಿಮಗೆ ಗೊತ್ತು. ನೀವೂ ಯೋಚನೆ ಮಾಡಿ.

ನಿಮ್ಮ
ಮೊಂಡಿ


ಮಾರ್ಚ್ ೨೫

ಮೊಂಡಿ,

ನಿನ್ನ ಕಾಗದ ಇವತ್ತು ಹನ್ನೊಂದು ಗಂಟೆಗೆ ಬಂತು. ಫಾರಂ ಹನ್ನೊಂದೂ ಹತ್ತರ ಟಪಾಲಿಗೆ ಹೋಗುತ್ತಿದೆ, ಅಂಚೆಯವನನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ಸಹಿ ಮಾಡಿದ್ದೇನೆ. ವಿಳಾಸ ಪೂರ್ತಿ ಬರೆದಿದ್ದೇನೆ, ಮಹಡಿ, ಮನೆ ನಂಬರು ಸಮೇತ.

ನಿನ್ನ ಅತ್ತಿಗೆ